ಹಳದಿ ಕಾರ್ಟ್ರಿಡ್ಜ್ ಎಲ್ಲಕ್ಕೂ ಆಗುತ್ತದಾ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಘಟಕ ಇದೆ. ಶೀಟ್ ಮೆಟಲ್ ಪ್ಯಾನೆಲ್ ಮಾಡಿ, ಬಣ್ಣ ಹೊಡೆದು ಕಳಿಸುತ್ತೇವೆ. ಮೊದಲು ಹೈಡ್ರೋಕ್ಲೋರಿಕ್ ಆಸಿಡ್ ಟ್ಯಾಂಕಿನಲ್ಲಿ ತುಕ್ಕು ತೆಗೆಯುವ ಪಿಕ್ಲಿಂಗ್, ಆಮೇಲೆ ಪ್ರೈಮರ್, ಅದರ ಮೇಲೆ ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಪೇಂಟ್. ಪ್ಯಾನೆಲ್ ಹಿಡಿದಿಡುವ ಜಿಗ್‌ಗಳ ಮೇಲೆ ಕೂತ ಹಳೇ ಬಣ್ಣ ತೆಗೆಯಲು ಪೇಂಟ್ ರಿಮೂವರ್ ಬಳಸುತ್ತೇವೆ. ಇಲ್ಲಿಯವರೆಗೆ ಹುಡುಗರು ಎನ್‌95 ಹಾಕಿಕೊಳ್ಳುತ್ತಿದ್ದರು. ಅಂಗಡಿಯವರು ಮಾಸ್ಕ್‌ಗೆ ಸಿಕ್ಕಿಸುವ, ಗ್ಯಾಸ್ ಸೋಸುವ ಡಬ್ಬಿ ತೋರಿಸಿ ‘ಹಳದಿ ಕಾರ್ಟ್ರಿಡ್ಜ್ ತಗೊಳ್ಳಿ, ಎಲ್ಲಕ್ಕೂ ಆಗುತ್ತೆ, ವಾಸನೆ ಬರೋವರೆಗೆ ಬಳಸಿ’ ಅಂದರು. ಹೌದಾ ಸರ್? ಸ್ಪ್ರೇ ಮಾಡುವ ಹುಡುಗನಿಗೆ ಎರಡು ತಿಂಗಳಿಂದ ರಾತ್ರಿ ಕೆಮ್ಮು. ರಜೆಗೆ ಊರಿಗೆ ಹೋದರೆ ಕಡಿಮೆ ಆಗುತ್ತದೆ. ಇನ್ನೊಬ್ಬ ಗಡ್ಡ ತೆಗೆಯುವುದಿಲ್ಲ, ಅವನಿಗೆ ಮಾಸ್ಕ್ ಆಗುತ್ತದಾ? ಆಸಿಡ್ ನೀರು ಹೋಗುವ ಗುಂಡಿಗೆ ವರ್ಷಕ್ಕೊಮ್ಮೆ ಇವರೇ ಇಳಿದು ಕೆಸರು ತೆಗೆಯುತ್ತಾರೆ. ಅದಕ್ಕೂ ಇದೇ ಸಾಕಾ?

ಉತ್ತರ: ಕಾರ್ಟ್ರಿಡ್ಜ್ ಮಾತು ಆಮೇಲೆ. ಮೊದಲು ಕೆಮ್ಮುವ ಹುಡುಗನನ್ನು ಇವತ್ತೇ ಸ್ಪ್ರೇ ಬೂತ್‌ನಿಂದ ದೂರ ಕಳಿಸಿ. ರಾತ್ರಿ ಕೆಮ್ಮು, ಊರಿಗೆ ಹೋದರೆ ಆರಾಮ, ವಾಪಸ್ ಬಂದರೆ ಮತ್ತೆ ಶುರು. ಕೆಲಸದಿಂದ ಬರುವ ಅಸ್ತಮಾದ ಲಕ್ಷಣ ಬಹಳ ಸಲ ಹೀಗೇ ಇರುತ್ತದೆ. ಇದು ಅದೇ ಎಂದು ಹೇಳಬೇಕಾದವರು ವೈದ್ಯರು. ಆದರೆ ಪಿಯು ಹಾರ್ಡನರ್ ಇರುವ ಜಾಗದಲ್ಲಿ ಇಂಥ ಕೆಮ್ಮು ಕಂಡಾಗ ಕಾಯುತ್ತಾ ಕೂರಬಾರದು.

ಆ ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಸಾಮಾನ್ಯವಾಗಿ ಎಚ್‌ಡಿಐ ಎಂಬ ಬಗೆಯದು. ಇದು ಕೆಲವರ ದೇಹವನ್ನು ಅಲರ್ಜಿಗೆ ತಿರುಗಿಸಿಬಿಡುತ್ತದೆ. ಒಮ್ಮೆ ಹಾಗೆ ತಿರುಗಿದರೆ, ಬೇರೆಯವರಿಗೆ ಏನೂ ಅನ್ನಿಸದಷ್ಟು ಅಲ್ಪ ಪ್ರಮಾಣಕ್ಕೂ ಎದೆ ಬಿಗಿಯುತ್ತದೆ. ಹಾಗಾದವನಿಗೆ ಒಳ್ಳೆ ಮಾಸ್ಕ್ ಕೊಟ್ಟು ಮತ್ತೆ ಅದೇ ಬೂತ್‌ನಲ್ಲಿ ನಿಲ್ಲಿಸುವುದು ಸರಿಯಲ್ಲ. ಇಎಸ್‌ಐ ಕಾರ್ಡ್ ಇದ್ದರೆ ಇಎಸ್‌ಐ ಆಸ್ಪತ್ರೆಗೆ ಕಳಿಸಿ. ಹೋಗುವಾಗ ಹಾರ್ಡನರ್ ಡಬ್ಬದ ಎಂಎಸ್‌ಡಿಎಸ್ ಹಾಳೆ (ಒಳಗೆ ಏನಿದೆ, ಏನು ಅಪಾಯ ಎಂದು ತಯಾರಕರು ಬರೆದು ಕೊಡುವ ಮಾಹಿತಿ) ಅವನ ಕೈಗೆ ಕೊಡಿ. ‘ಪೇಂಟ್ ಕೆಲಸ’ ಎಂದಷ್ಟೇ ಹೇಳಿದರೆ ಕೆಮ್ಮಿನ ಔಷಧಿ ಬರೆದು ಕಳಿಸುವ ಸಾಧ್ಯತೆ ಇದೆ. ಐಸೋಸಯನೇಟ್ ಎಂಬ ಹೆಸರು ಕಂಡರೆ ವೈದ್ಯರು ಬೇರೆ ದಿಕ್ಕಿನಲ್ಲಿ ಯೋಚಿಸುತ್ತಾರೆ. ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಊದುವ ಸಾಧನ ಕೊಟ್ಟು, ಕೆಲಸದ ದಿನ ಎಷ್ಟು, ರಜೆಯ ದಿನ ಎಷ್ಟು ಎಂದು ಕೆಲವು ವಾರ ಬರೆಸಬಹುದು.

ಒಂದು ಮಾತು ಕೇಳಿಕೊಳ್ಳುತ್ತೇನೆ. ಅವನಿಗೆ ಬೇರೆ ಕೆಲಸ ಕೊಡಿ, ಸಂಬಳ ಕಡಿಮೆ ಮಾಡಬೇಡಿ. ಮಾಡಿದರೆ ನಾಳೆ ಇನ್ನೊಬ್ಬ ಹುಡುಗ ಕೆಮ್ಮು ಬಂದರೂ ಮುಚ್ಚಿಡುತ್ತಾನೆ.

ಈಗ ಮಾಸ್ಕ್‌ಗೆ ಬರೋಣ. ಎನ್‌95 ತಡೆಯುವುದು ಧೂಳು, ಹನಿ, ಹೊಗೆಯ ಕಣಗಳನ್ನು ಮಾತ್ರ. ಥಿನ್ನರ್ ಆವಿ, ಆಸಿಡ್ ಗ್ಯಾಸ್ ಅದರ ಬಟ್ಟೆಯ ಮೂಲಕ ಸಲೀಸಾಗಿ ಹೋಗುತ್ತವೆ. ಅಷ್ಟು ದಿನ ನಿಮ್ಮ ಹುಡುಗರಿಗೆ ಆವಿಯಿಂದ ರಕ್ಷಣೆಯೇ ಇರಲಿಲ್ಲ. ಹಳದಿ ಕಾರ್ಟ್ರಿಡ್ಜ್ ಎಲ್ಲಕ್ಕೂ ಆಗುತ್ತದೆ ಅನ್ನುವುದೂ ತಪ್ಪು. ಅದು ಯಾವ ಹಳದಿ ಎಂದು ಮೊದಲು ಕೇಳಬೇಕು.

ನಮ್ಮ ಅಂಗಡಿಗಳಲ್ಲಿ ಎರಡು ಪದ್ಧತಿಯ ಮಾಲು ಪಕ್ಕಪಕ್ಕ ಇರುತ್ತದೆ. ಒಂದು, ಮಾಸ್ಕ್‌ಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್‌ನದು. ಆ ಪದ್ಧತಿಯಲ್ಲಿ ಕಪ್ಪು ಪಟ್ಟಿ ಇದ್ದರೆ ಥಿನ್ನರ್‌ನಂಥ ಸಾವಯವ ಆವಿಗೆ, ಬಿಳಿ ಆಸಿಡ್ ಗ್ಯಾಸ್‌ಗೆ, ಹಳದಿ ಇವೆರಡಕ್ಕೂ, ಹಸಿರು ಅಮೋನಿಯಾಕ್ಕೆ. ಕಣ ತಡೆಯುವ ಪಿ100 ಫಿಲ್ಟರ್‌ಗೆ ಗಾಢ ಗುಲಾಬಿ. ಯುರೋಪಿನ ಇಎನ್ 14387 ಎಂಬ ಮಾನದಂಡದ ಪದ್ಧತಿಯೇ ಬೇರೆ. ಅಲ್ಲಿ ಸಾವಯವ ಆವಿಗೆ ಕಂದು ಬಣ್ಣ, ‘ಎ’ ಅಕ್ಷರ. ಕ್ಲೋರಿನ್, ಹೈಡ್ರೋಜನ್ ಸಲ್ಫೈಡ್‌ನಂಥವಕ್ಕೆ ಬೂದು, ‘ಬಿ’. ಸಲ್ಫರ್ ಡೈಆಕ್ಸೈಡ್ ಮತ್ತಿತರ ಆಸಿಡ್ ಗ್ಯಾಸ್‌ಗಳಿಗೆ ಹಳದಿ, ‘ಇ’. ಅಮೋನಿಯಾಕ್ಕೆ ಹಸಿರು, ‘ಕೆ’. ಕಣಕ್ಕೆ ಬಿಳಿ, ‘ಪಿ’. ಈಗ ನೋಡಿ, ಅಮೆರಿಕದ ಹಳದಿ ಥಿನ್ನರ್ ಆವಿಯನ್ನು ಹಿಡಿಯುತ್ತದೆ. ಯುರೋಪಿನ ಬರೀ ಹಳದಿ ಪಟ್ಟಿಯದು ಆ ಕೆಲಸಕ್ಕೆ ಮಾಡಿದ್ದೇ ಅಲ್ಲ. ಅಮೆರಿಕದ ಬಿಳಿ ಆಸಿಡ್ ಗ್ಯಾಸ್‌ಗಾದರೆ ಯುರೋಪಿನ ಬಿಳಿ ಧೂಳಿಗೆ. ಬಣ್ಣ ಹೇಳಿ ಆರ್ಡರ್ ಕೊಟ್ಟರೆ ಎಡವಟ್ಟು ಆಗುವುದು ಇಲ್ಲೇ.

ಹಾಗಾಗಿ ಕಾರ್ಟ್ರಿಡ್ಜ್ ಕೈಗೆ ತಗೊಂಡು ಪಕ್ಕದಲ್ಲಿರುವ ಸಣ್ಣ ಅಕ್ಷರ ಓದಿ. ನಿಯೋಶ್ ಮಾಲಿನಲ್ಲಿ ಯಾವ ಯಾವ ಗ್ಯಾಸ್‌ಗೆ ಒಪ್ಪಿಗೆ ಇದೆ ಎಂದು ಹೆಸರು ಹೇಳಿ ಬರೆದಿರುತ್ತಾರೆ. ಯುರೋಪಿನದರಲ್ಲಿ ‘ಎ2ಪಿ3’, ‘ಎಬಿಇಕೆ1’ ಎಂಬಂಥ ಗುರುತು ಇರುತ್ತದೆ. ಅಕ್ಷರ ಯಾವ ಬಗೆಯ ಗ್ಯಾಸ್ ಎಂದು ಹೇಳುತ್ತದೆ. ಅದರ ಮುಂದಿನ ಅಂಕಿ ಎಷ್ಟು ಹಿಡಿಯುತ್ತದೆ ಎಂದು ಹೇಳುತ್ತದೆ. ನಮ್ಮ ಬಿಐಎಸ್‌ನಲ್ಲೂ ಗ್ಯಾಸ್ ಫಿಲ್ಟರ್‌ಗಳಿಗೆ ಐಎಸ್ 15323 ಎಂಬ ಮಾನದಂಡ ಇದೆ. ಯಾವ ಗುರುತೂ ಇಲ್ಲದೆ ‘ಕೆಮಿಕಲ್ ಮಾಸ್ಕ್’ ಎಂದಷ್ಟೇ ಬರೆದದ್ದನ್ನು ದುಡ್ಡು ಕೊಟ್ಟು ತರಬೇಡಿ. ಪ್ಯಾಕೆಟ್ ಸೀಲ್ ಇದೆಯಾ, ಅವಧಿ ಮುಗಿದಿದೆಯಾ ನೋಡಿ. ಒಂದು ಕಂಪನಿಯ ಕಾರ್ಟ್ರಿಡ್ಜ್ ಇನ್ನೊಂದು ಕಂಪನಿಯ ಮಾಸ್ಕ್‌ಗೆ ಬಲವಂತವಾಗಿ ಕೂರಿಸಬೇಡಿ. ತಿರುಗಿಸಿದಾಗ ಕೂತಂತೆ ಅನ್ನಿಸಿದರೂ ಒಳಗಿನ ರಬ್ಬರ್ ವಾಷರ್ ಸರಿಯಾಗಿ ಒತ್ತಿಕೊಂಡಿರುವುದಿಲ್ಲ.

ಗುಲಾಬಿ ಬಣ್ಣದ ತೆಳ್ಳನೆ ದುಂಡು ಪ್ಯಾಡ್ ಒಂದು ಬರುತ್ತದೆ. ಅದರಲ್ಲಿ ‘ಸಾವಯವ ಆವಿಯ ಕಿರಿಕಿರಿಗೂ ಆಗುತ್ತದೆ’ ಎಂಬ ಅರ್ಥದ ಸಾಲು ಇರುತ್ತದೆ. ವೆಲ್ಡಿಂಗ್ ಹೊಗೆಗೆ ಅದು ತುಂಬಾ ಚೆನ್ನಾಗಿದೆ. ಆದರೆ ಒಳಗಿರುವ ಇಂಗಾಲ ಒಂದು ತೆಳು ಪದರ ಅಷ್ಟೇ, ಮಿತಿಗಿಂತ ಕಡಿಮೆ ಇರುವ ವಾಸನೆಯನ್ನು ತಗ್ಗಿಸಲು ಇಟ್ಟದ್ದು. ಪೇಂಟ್ ಬೂತ್‌ಗೆ ಅದು ಸಾಲದು.

ಯಾವ ಗ್ಯಾಸ್ ಎಂದು ಗೊತ್ತಾಗುವುದು ಎಂಎಸ್‌ಡಿಎಸ್‌ನಿಂದ. ಹಾಳೆ ಉದ್ದ ಇರುತ್ತದೆ, ಆದರೆ ನಿಮಗೆ ಬೇಕಾದ್ದು ಮೂರೇ ಭಾಗ. 3ನೇ ಭಾಗದಲ್ಲಿ ಏನೇನು ಬೆರೆಸಿದ್ದಾರೆ ಎಂದಿರುತ್ತದೆ. 8ನೇ ಭಾಗದಲ್ಲಿ ಗಾಳಿಯಲ್ಲಿ ಎಷ್ಟು ಇರಬಹುದು, ಯಾವ ಮಾಸ್ಕ್ ಬೇಕು ಎಂದಿರುತ್ತದೆ. 9ನೇ ಭಾಗದಲ್ಲಿ ಕುದಿಯುವ ಬಿಂದು. ಈ ಕೊನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಕಾರ್ಟ್ರಿಡ್ಜ್ ಎಷ್ಟು ಹೊತ್ತು ಬಾಳುತ್ತದೆ ಎಂಬುದರ ಸುಳಿವು ಇರುವುದು ಅಲ್ಲೇ.

ಕಾರಣ ಇಷ್ಟು. ಕಾರ್ಟ್ರಿಡ್ಜ್ ಒಳಗೆ ಇರುವುದು ಸಕ್ರಿಯ ಇಂಗಾಲದ ಕಾಳು, ಹೆಚ್ಚಾಗಿ ತೆಂಗಿನ ಚಿಪ್ಪು ಸುಟ್ಟು ಮಾಡಿದ್ದು. ಅದರ ತುಂಬ ಕಣ್ಣಿಗೆ ಕಾಣದ ರಂಧ್ರ. ಒಂದು ಗ್ರಾಂ ಕಾಳಿನ ಒಳಮೈ ಎಲ್ಲ ಬಿಡಿಸಿ ಹಾಸಿದರೆ ಸುಮಾರು ಸಾವಿರ ಚದರ ಮೀಟರ್, ಹತ್ತು ಗುಂಟೆ ಜಮೀನಿನಷ್ಟು. ಆವಿ ಈ ಮೈಗೆ ಅಂಟಿಕೊಳ್ಳುತ್ತದೆ. ಟೊಲುಯಿನ್ 111 ಡಿಗ್ರಿಯಲ್ಲಿ ಕುದಿಯುತ್ತದೆ, ಬ್ಯುಟೈಲ್ ಅಸಿಟೇಟ್ 126ರಲ್ಲಿ, ಝೈಲೀನ್ ಸುಮಾರು 140ರಲ್ಲಿ. ಇವು ಗಟ್ಟಿಯಾಗಿ ಅಂಟುತ್ತವೆ. ಅಸಿಟೋನ್ 56, ಮೆಥನಾಲ್ 65. ಇಂಥ ಬೇಗ ಹಾರುವ ದ್ರವಗಳು ಅಂಟಿದಂತೆ ಮಾಡಿ ಬಿಟ್ಟುಕೊಳ್ಳುತ್ತವೆ. ಮೆಥನಾಲ್ ಅಂತೂ ಸಾಮಾನ್ಯ ಸಾವಯವ ಆವಿ ಕಾರ್ಟ್ರಿಡ್ಜನ್ನು ಬಹಳ ಬೇಗ ದಾಟುತ್ತದೆ. ಲೂಸ್ ಆಗಿ ಮಾರುವ ಅಗ್ಗದ ಥಿನ್ನರ್‌ನಲ್ಲಿ ಏನಿದೆ ಎಂದೇ ಗೊತ್ತಿರುವುದಿಲ್ಲ. ಅದಕ್ಕೆ ಸರಿಯಾದ ಕಾರ್ಟ್ರಿಡ್ಜ್ ಯಾರೂ ಹೇಳಲಾರರು. ಎಂಎಸ್‌ಡಿಎಸ್ ಕೊಡುವ ಕಂಪನಿಯ ಥಿನ್ನರ್ ಮಾತ್ರ ತರಿಸಿ.

‘ವಾಸನೆ ಬರೋವರೆಗೆ ಬಳಸಿ’ ಎಂಬ ಸಲಹೆ ಹಳೇ ಕಾಲದ್ದು. 1998ರಲ್ಲೇ ಅಮೆರಿಕದ ನಿಯಮ ಅದನ್ನು ಬಿಟ್ಟು, ಬದಲಿಸುವ ಹೊತ್ತನ್ನು ಮೊದಲೇ ಲೆಕ್ಕ ಹಾಕಿ ಬರೆದಿಡಬೇಕು ಎಂದಿತು. ದಿನವೂ ಥಿನ್ನರ್ ನಡುವೆ ಇರುವವನ ಮೂಗು ಒಗ್ಗಿಹೋಗಿರುತ್ತದೆ. ಇನ್ನು ಕೆಲವಕ್ಕೆ ಅಪಾಯದ ಪ್ರಮಾಣದಲ್ಲೂ ವಾಸನೆ ಇಲ್ಲ. ಐಸೋಸಯನೇಟ್ ಅಂಥದ್ದೇ.

ಲೆಕ್ಕ ಹಾಕುವುದು ಕಷ್ಟವಲ್ಲ. ಕೈಗಾರಿಕಾ ಆರೋಗ್ಯ ತಜ್ಞರು ಬಳಸುವ ಒರಟು ಸೂತ್ರ ಒಂದಿದೆ. ಕುದಿಯುವ ಬಿಂದು 70 ಡಿಗ್ರಿಗಿಂತ ಜಾಸ್ತಿ, ಗಾಳಿಯಲ್ಲಿ 200 ಪಿಪಿಎಂಗಿಂತ (ಹತ್ತು ಲಕ್ಷ ಭಾಗ ಗಾಳಿಗೆ 200 ಭಾಗ) ಕಡಿಮೆ, ಸಾಧಾರಣ ಕೆಲಸ ಎಂದಾದರೆ ಸುಮಾರು 8 ಗಂಟೆ ಸಿಗಬಹುದು. ಗಾಳಿಯ ತೇವ ಶೇ. 85 ದಾಟಿದರೆ ಅದರಲ್ಲಿ ಅರ್ಧ, ಅಂದರೆ 4 ಗಂಟೆ. ಭಾರದ ಕೆಲಸದಲ್ಲಿ ಉಸಿರು ಎರಡರಷ್ಟಾದರೆ ಮತ್ತೆ ಅರ್ಧ, 2 ಗಂಟೆ. ಅದೇ ಕಾರ್ಟ್ರಿಡ್ಜ್ ಬೆಂಗಳೂರಿನ ಮಾರ್ಚ್ ತಿಂಗಳಲ್ಲಿ ಬಾಳಿದಷ್ಟು ಮಂಗಳೂರಿನ ಜುಲೈನಲ್ಲಿ ಬಾಳುವುದಿಲ್ಲ. ಇದು ಅಂದಾಜು ಮಾತ್ರ. ದೊಡ್ಡ ಕಂಪನಿಗಳು ತಮ್ಮ ಕಾರ್ಟ್ರಿಡ್ಜ್‌ಗೆ ಲೆಕ್ಕದ ಸಾಫ್ಟ್‌ವೇರ್ ಕೊಡುತ್ತವೆ, ಅದರಲ್ಲಿ ನಿಮ್ಮ ಥಿನ್ನರ್ ಹೆಸರು ಹಾಕಿ ನೋಡಿ. ಗಾಳಿಯಲ್ಲಿ ಎಷ್ಟಿದೆ ಎಂದು ಒಮ್ಮೆಯಾದರೂ ಲ್ಯಾಬ್‌ನವರನ್ನು ಕರೆಸಿ ಅಳೆಸಿ. ಹುಡುಗನ ಕಾಲರ್ ಹತ್ತಿರ ಸಣ್ಣ ಪಂಪ್‌ನ ಟ್ಯೂಬ್ ಸಿಕ್ಕಿಸಿ ಅಳೆಯಬೇಕು. ಬೂತ್ ಮೂಲೆಯಲ್ಲಿ ಅಳೆದದ್ದು ಅವನು ಉಸಿರಾಡುವ ಗಾಳಿಯ ಲೆಕ್ಕ ಕೊಡುವುದಿಲ್ಲ. ಅಳೆಸುವವರೆಗೆ, ಪೇಂಟ್ ಕೆಲಸದ ಕಾರ್ಟ್ರಿಡ್ಜ್ ದಿನಕ್ಕೊಂದು ಜೊತೆ ಎಂದು ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಊಟದ ಹೊತ್ತಿಗೂ ಒಮ್ಮೆ ಬದಲಿಸಿ. ಖರ್ಚು ಜಾಸ್ತಿ ಅನ್ನಿಸುತ್ತದೆ, ಗೊತ್ತು. ಅಳತೆ ಮಾಡಿಸಿದ ಮೇಲೆ ಅದು ಇಳಿಯಲೂಬಹುದು.

ಮಾಸ್ಕ್‌ಗಳನ್ನು ಬೂತ್ ಒಳಗಿನ ಮೊಳೆಗೆ ನೇತುಹಾಕುವ ಅಭ್ಯಾಸ ಎಷ್ಟೋ ಕಡೆ ಇದೆ. ರಾತ್ರಿಯೆಲ್ಲ ಇಂಗಾಲ ಸುಮ್ನೆ ಆವಿ ಕುಡಿಯುತ್ತಿರುತ್ತದೆ. ಜೊತೆಗೆ, ಹಗಲಲ್ಲಿ ಹೊರಪದರಕ್ಕೆ ಅಂಟಿದ್ದ ಆವಿ ನಿಧಾನಕ್ಕೆ ಒಳಪದರಕ್ಕೆ ಸರಿದು, ಬೆಳಗ್ಗೆ ಮೊದಲ ಉಸಿರಿಗೇ ಬಾಯಿಗೆ ಬರಬಹುದು. ಬೇಗ ಹಾರುವ ದ್ರವಗಳಲ್ಲಿ ಇದು ಜಾಸ್ತಿ. ಅವಕ್ಕೆ ಬಳಸಿದ್ದನ್ನು ಮರುದಿನಕ್ಕೆ ಇಡಬೇಡಿ. ಉಳಿದವನ್ನು ಒರೆಸಿ ಜಿಪ್ ಕವರ್‌ನಲ್ಲಿ ಹಾಕಿ, ಬೂತ್‌ನ ಆಚೆ ಇಡಿ. ತೆರೆದ ದಿನ, ಗಂಟೆ ಮಾರ್ಕರ್‌ನಲ್ಲಿ ಕಾರ್ಟ್ರಿಡ್ಜ್ ಮೇಲೇ ಬರೆಯಿರಿ.

ಇಷ್ಟು ತಿಳಿದ ಮೇಲೆ ನಿಮ್ಮ ಒಂದೊಂದು ಕೆಲಸ ನೋಡೋಣ.

ಐಸೋಸಯನೇಟ್ ಇಲ್ಲದ ಪ್ರೈಮರ್ ಆದರೆ ಸಾವಯವ ಆವಿ ಕಾರ್ಟ್ರಿಡ್ಜ್ ಜೊತೆ ಕಣದ ಫಿಲ್ಟರ್ ಸಾಕು. ಗುರುತು ‘ಎ2ಪಿ3’, ಅಥವಾ ಕಪ್ಪು ಪಟ್ಟಿಯ ಜೊತೆ ಪಿ100. ಸ್ಪ್ರೇಯಲ್ಲಿ ಆವಿಯೂ ಇದೆ, ಹನಿಯೂ ಇದೆ. ಇಂಗಾಲ ಹನಿಯನ್ನು ತಡೆಯುವುದಿಲ್ಲ, ಫಿಲ್ಟರ್ ಆವಿಯನ್ನು ತಡೆಯುವುದಿಲ್ಲ. ಎರಡೂ ಬೇಕು. ಅರ್ಧಮುಖದ ಮಾಸ್ಕ್‌ಗೂ ಮಿತಿ ಇದೆ. ಅನುಮತಿಸಿದ ಪ್ರಮಾಣದ ಹತ್ತು ಪಟ್ಟಿನವರೆಗೆ ಮಾತ್ರ ಅದನ್ನು ನಂಬಬಹುದು. 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಟೊಲುಯಿನ್‌ಗೆ 8 ಗಂಟೆಯ ಸರಾಸರಿ 100 ಪಿಪಿಎಂ ಎಂದಿತ್ತು. ಹತ್ತು ಪಟ್ಟು ಎಂದು 1000 ಪಿಪಿಎಂ ಗಾಳಿಗೆ ಹೋಗುವಂತಿಲ್ಲ, 500 ಪಿಪಿಎಂ ಜೀವಕ್ಕೇ ಅಪಾಯದ ಮಟ್ಟ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಲೆಕ್ಕ.

ಪಿಯು ಪೇಂಟ್‌ಗೆ ನನ್ನ ಉತ್ತರ ಬೇರೆ. ಇಲ್ಲಿ ಕಾರ್ಟ್ರಿಡ್ಜ್ ನಂಬಿಕೊಂಡು ದಿನವೂ ಸ್ಪ್ರೇ ಮಾಡಿಸಬೇಡಿ. ಎಚ್‌ಡಿಐಗೆ ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಘ ಎಸಿಜಿಐಎಚ್ ಹೇಳುವ ಮಿತಿ 0.005 ಪಿಪಿಎಂ. ಇಪ್ಪತ್ತು ಕೋಟಿ ಭಾಗ ಗಾಳಿಗೆ ಒಂದು ಭಾಗ. ಕಾರ್ಟ್ರಿಡ್ಜ್ ತೀರಿಹೋದರೂ ಮೂಗಿಗೆ ಸುಳಿವು ಸಿಗುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಕೊಡುವ ಏರ್‌ಲೈನ್ ಹುಡ್ ಹಾಕಿಸಿ. ಹೆಲ್ಮೆಟ್‌ನಂಥ ಹುಡ್, ಸೊಂಟದಲ್ಲಿ ರೆಗ್ಯುಲೇಟರ್, ಹಿಂದೆ ಪೈಪ್. ಸಣ್ಣ ಘಟಕಕ್ಕೂ ಇದು ಕೈಗೆಟುಕದ್ದೇನಲ್ಲ, ಕಂಪ್ರೆಸರ್ ನಿಮ್ಮಲ್ಲಿ ಹೇಗೂ ಇದೆ. ಆದರೆ ಸ್ಪ್ರೇ ಗನ್ನಿನ ಲೈನ್‌ನಿಂದ ಸುಮ್ನೆ ಟೀ ಹಾಕಿ ಎಳೆಯಬೇಡಿ. ಆಯಿಲ್ ಹಾಕುವ ಕಂಪ್ರೆಸರ್ ಬಿಸಿಯಾದರೆ ಕಾರ್ಬನ್ ಮಾನಾಕ್ಸೈಡ್ ಬರಬಹುದು, ಅದನ್ನು ಸಾಮಾನ್ಯ ಇಂಗಾಲದ ಫಿಲ್ಟರ್ ಹಿಡಿಯುವುದಿಲ್ಲ. ಉಸಿರಾಟದ ಗಾಳಿಗೆಂದೇ ಇರುವ ಫಿಲ್ಟರ್ ಸೆಟ್, ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡೂ ಬೇಕು. ಗಾಳಿ ಎಳೆಯುವ ಬಾಯಿ ಜನರೇಟರ್ ಹೊಗೆ ಕೊಳವೆಯ ಕಡೆ ಇರಬಾರದು. ಕರೆಂಟ್ ಹೋದಾಗ ಶುರುವಾಗುವ ಡಿಜಿ ಪಕ್ಕದಲ್ಲೇ ಕಂಪ್ರೆಸರ್ ಇಟ್ಟಿರುವುದು ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಮಾಮೂಲು.

ಇನ್ನೊಂದು ಸಣ್ಣ ಅಭ್ಯಾಸ ದೊಡ್ಡ ಹಾನಿ ಮಾಡುತ್ತದೆ. ಕೋಟ್ ಮುಗಿದ ತಕ್ಷಣ ಪೇಂಟರ್ ಹುಡ್ ಎತ್ತಿ ಬಾಗಿ ಫಿನಿಶ್ ನೋಡುತ್ತಾನೆ. ಕಣ್ಣಿಗೆ ಕಾಣುವ ಮಂಜು ಹೋಗಿರುತ್ತದೆ, ಕಾಣದ ಸಣ್ಣ ಹನಿ ಇನ್ನೂ ಅಲ್ಲೇ ತೇಲುತ್ತಿರುತ್ತದೆ. ನಿಮ್ಮ ಬೂತ್‌ನ ಗಾಳಿ ಪೂರ್ತಿ ತೆರವಾಗಲು ಎಷ್ಟು ನಿಮಿಷ ಬೇಕು ಎಂದು ಹೊಗೆ ಬಿಟ್ಟು ನೋಡಿ, ಆ ಅಂಕಿಯನ್ನು ಬಾಗಿಲ ಮೇಲೆ ದೊಡ್ಡದಾಗಿ ಬರೆಸಿ. ಹಾರ್ಡನರ್ ಬೆರೆಸುವಾಗ ಕೈಗೆ ನೈಟ್ರೈಲ್ ಗ್ಲೌಸ್ ಕೊಡಿ, ಚರ್ಮದಿಂದಲೂ ಅಲರ್ಜಿ ಶುರುವಾಗಬಹುದು.

ಆಸಿಡ್ ಟ್ಯಾಂಕಿಗೆ ಆಸಿಡ್ ಗ್ಯಾಸ್ ಕಾರ್ಟ್ರಿಡ್ಜ್. ನಿಯೋಶ್‌ನದಾದರೆ ಹೈಡ್ರೋಜನ್ ಕ್ಲೋರೈಡ್ ಎಂದು ಹೆಸರು ಇರಬೇಕು. ಯುರೋಪಿನದಾದರೆ ‘ಇ’, ಜೊತೆಗೆ ತಯಾರಕರ ಪಟ್ಟಿಯಲ್ಲಿ ಅದೇ ಹೆಸರು. ಅಂಗಡಿಯವರ ಹಳದಿ, ಯಾವ ಪದ್ಧತಿಯದಾದರೂ, ಸರಿಹೊಂದುವ ಜಾಗ ಇದೊಂದೇ. ಆಸಿಡ್ ಆವಿ ಕಣ್ಣನ್ನೂ ಸುಡುತ್ತದೆ, ಹಾಗಾಗಿ ಪೂರ್ಣಮುಖದ ಮಾಸ್ಕ್ ಒಳ್ಳೆಯದು. ಹೈಡ್ರೋಜನ್ ಕ್ಲೋರೈಡ್‌ನ ಮಿತಿ 5 ಪಿಪಿಎಂ, 50 ತಲುಪಿದರೆ ಜೀವಕ್ಕೆ ಅಪಾಯ. ಟ್ಯಾಂಕಿನ ಅಂಚಿನಲ್ಲಿ ಗಾಳಿ ಎಳೆಯುವ ಡಕ್ಟ್ ಹಾಕಿಸಿದರೆ ಮಾಸ್ಕ್ ಮೇಲಿನ ಭಾರ ಎಷ್ಟೋ ಇಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಕೆಲಸ ಬಂದಾಗ ನೈಟ್ರಿಕ್ ಆಸಿಡ್ ಬಳಸುತ್ತೀರಾ? ಹಾಗಿದ್ದರೆ ಇದೇ ಕಾರ್ಟ್ರಿಡ್ಜ್ ಆಗುವುದಿಲ್ಲ. ಅದರಿಂದ ಬರುವ ಕಂದು ಹೊಗೆಗೆ ಬೇರೆ ಏರ್ಪಾಡು ಬೇಕು. ಆ ಹೊಗೆ ಕುಡಿದವನು ಸಂಜೆ ಆರಾಮಾಗಿ ಮನೆಗೆ ಹೋಗಿ, ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿ ಒದ್ದಾಡುವುದುಂಟು. ಕುಡಿದದ್ದು ಗೊತ್ತಾದರೆ ‘ಏನೂ ಆಗಿಲ್ಲ’ ಎಂದರೂ ಆಸ್ಪತ್ರೆಯಲ್ಲೇ ಇರಿಸಿ.

ಪೇಂಟ್ ರಿಮೂವರ್ ಡಬ್ಬದ ಮೇಲೆ ಡೈಕ್ಲೋರೋಮೀಥೇನ್ ಅಥವಾ ಮೆಥಿಲೀನ್ ಕ್ಲೋರೈಡ್ ಎಂದಿದೆಯಾ ನೋಡಿ. ಇದು 40 ಡಿಗ್ರಿಗೇ ಕುದಿಯುತ್ತದೆ. ಕಪ್ಪು, ಕಂದು, ಹಳದಿ ಯಾವುದೂ ಇದಕ್ಕೆ ನಂಬಿಕಸ್ತವಲ್ಲ. ಯುರೋಪಿನಲ್ಲಿ ‘ಎಎಕ್ಸ್’ ಎಂಬ ಬಗೆ ಇದೆ, ಒಮ್ಮೆ ಬಳಸಿ ಎಸೆಯುವಂಥದ್ದು. ನಿಮಗೆ ಅದರ ಸಹವಾಸ ಬೇಡ. ಆ ರಿಮೂವರ್ ಬಿಟ್ಟು, ಜಿಗ್‌ಗಳನ್ನು ಬ್ಲಾಸ್ಟಿಂಗ್‌ಗೆ (ಗಟ್ಟಿ ಕಾಳು ರಭಸದಿಂದ ಹೊಡೆಸಿ ಬಣ್ಣ ಉದುರಿಸುವುದು) ಹೊರಗೆ ಕಳಿಸಿ.

ಗುಂಡಿಗೆ ಯಾವ ಕಾರ್ಟ್ರಿಡ್ಜೂ ಇಲ್ಲ. ಕಾರ್ಟ್ರಿಡ್ಜ್ ಗಾಳಿಯನ್ನು ಸೋಸುತ್ತದೆ, ಆಮ್ಲಜನಕ ತಯಾರಿಸುವುದಿಲ್ಲ. ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇದ್ದರೆ ಕಾರ್ಟ್ರಿಡ್ಜ್ ಮಾಸ್ಕ್ ಬಳಸುವಂತೆಯೇ ಇಲ್ಲ, ಅದಕ್ಕಿಂತ ತೀರಾ ಇಳಿದರೆ ಎಷ್ಟು ದುಬಾರಿ ಕಾರ್ಟ್ರಿಡ್ಜ್ ಹಾಕಿದರೂ ಪ್ರಜ್ಞೆ ತಪ್ಪುತ್ತದೆ. ಕೆಸರು ಕಲಕಿದಾಗ ಹೈಡ್ರೋಜನ್ ಸಲ್ಫೈಡ್ ಏಳಬಹುದು. ಕೊಳೆತ ಮೊಟ್ಟೆಯ ವಾಸನೆ ಮೊದಲು ಬರುತ್ತದೆ, ಪ್ರಮಾಣ 100 ಪಿಪಿಎಂ ಹತ್ತಿರ ಏರಿದಾಗ ಮೂಗು ಸತ್ತು ವಾಸನೆಯೇ ನಿಲ್ಲುತ್ತದೆ. ‘ವಾಸನೆ ಹೋಯಿತು, ಇಳೀರಿ’ ಅನ್ನುವ ಹೊತ್ತು ಅದು. ಒಬ್ಬ ಬಿದ್ದ ಎಂದು ಇನ್ನೊಬ್ಬ ಇಳಿದು, ಅವನನ್ನು ಎತ್ತಲು ಮೂರನೆಯವ ಇಳಿದು ಸತ್ತ ಸುದ್ದಿ ನಾವೆಲ್ಲ ಓದಿದ್ದೇವೆ. ನಿಮ್ಮ ಹುಡುಗರನ್ನು ಇನ್ನು ಮೇಲೆ ಇಳಿಸಲೇಬೇಡಿ. ಮೇಲಿನಿಂದ ಪಂಪ್ ಹಾಕಿ ಕೆಸರು ತೆಗೆಸಿ. ಇಳಿಯಲೇಬೇಕಾದರೆ ಗ್ಯಾಸ್ ಮೀಟರ್, ಗಾಳಿ ಊದುವ ಬ್ಲೋವರ್, ಸಿಲಿಂಡರ್ ಅಥವಾ ಏರ್‌ಲೈನ್ ಮಾಸ್ಕ್, ಟ್ರೈಪಾಡ್ ಹಗ್ಗ, ಮೇಲೆ ಕಾವಲಿಗೆ ತರಬೇತಿ ಪಡೆದವರು, ಇಷ್ಟೂ ಇರುವ ಏಜೆನ್ಸಿಯವರೇ ಮಾಡಬೇಕು.

ಕೊನೆಗೆ ಗಡ್ಡ. ಅರ್ಧಮುಖ, ಪೂರ್ಣಮುಖದ ಮಾಸ್ಕ್ ಎರಡೂ ಚರ್ಮಕ್ಕೆ ಒತ್ತಿ ಕೂರಬೇಕು. ಎರಡು ದಿನದ ಕುರುಚಲು ಇದ್ದರೂ ಅಂಚಿನಿಂದ ಗಾಳಿ ನುಗ್ಗುತ್ತದೆ. ಬೋಳಿಸಿದವರೂ ಪ್ರತಿ ಸಲ ಪರೀಕ್ಷೆ ಮಾಡಬೇಕು. ಅಂಗೈಯಿಂದ ಎರಡೂ ಕಾರ್ಟ್ರಿಡ್ಜ್ ಮುಚ್ಚಿ ಮೆಲ್ಲಗೆ ಉಸಿರೆಳೆದು ಹತ್ತು ಸೆಕೆಂಡ್ ಹಿಡಿದರೆ ಮಾಸ್ಕ್ ಮುಖಕ್ಕೆ ಹೀರಿಕೊಂಡಂತೆ ನಿಲ್ಲಬೇಕು. ಆಮೇಲೆ ಉಸಿರು ಬಿಡುವ ವಾಲ್ವ್ ಮುಚ್ಚಿ ಊದಿದರೆ ಸ್ವಲ್ಪ ಉಬ್ಬಬೇಕು, ಕೆನ್ನೆಯ ಪಕ್ಕ ಗಾಳಿ ಸೋರಬಾರದು. ಕೊಳ್ಳುವ ಮೊದಲು ಮಾರಾಟಗಾರರಿಂದ ಫಿಟ್ ಟೆಸ್ಟ್ ಮಾಡಿಸಿಕೊಳ್ಳಿ. ಸಿಹಿ ಅಥವಾ ಕಹಿ ದ್ರವದ ಮಂಜು ಬಿಟ್ಟು, ಬಾಯಿಗೆ ರುಚಿ ಗೊತ್ತಾಗುತ್ತದಾ ಎಂದು ನೋಡುವ ಪರೀಕ್ಷೆ ಅದು. ಒಂದೇ ಸೈಜ್ ಎಲ್ಲ ಮುಖಕ್ಕೂ ಆಗುವುದಿಲ್ಲ.

ಗಡ್ಡ ತೆಗೆಯಲು ಆ ಹುಡುಗನಿಗೆ ಒತ್ತಾಯ ಮಾಡಬೇಡಿ, ಅವನಿಗೆ ಅವನದೇ ಕಾರಣ ಇರಬಹುದು. ಸಡಿಲವಾಗಿ ಕೂರುವ ಹುಡ್‌ಗೆ ಗಡ್ಡದ ತೊಂದರೆ ಇಲ್ಲ. ಪಿಯು ಬೂತ್‌ನ ಏರ್‌ಲೈನ್ ಹುಡ್ ಅವನೂ ಹಾಕಬಹುದು. ಆಸಿಡ್ ಟ್ಯಾಂಕಿನ ಹತ್ತಿರವಾದರೆ ಸೊಂಟಕ್ಕೆ ಕಟ್ಟುವ ಬ್ಯಾಟರಿ ಫ್ಯಾನಿನ ಹುಡ್ ಬರುತ್ತದೆ. ಅದಕ್ಕೆ ಆಸಿಡ್ ಗ್ಯಾಸ್ ಕಾರ್ಟ್ರಿಡ್ಜ್ ಬೇರೆಯಾಗಿ ಕೇಳಿ ತಗೊಳ್ಳಿ. ಬಹಳಷ್ಟು ಸಲ ಪೆಟ್ಟಿಗೆಯಲ್ಲಿ ಬರುವುದು ಧೂಳಿನ ಫಿಲ್ಟರ್ ಮಾತ್ರ.